ಯಾದಿಯಲ್ಲಿ ಇಲ್ಲದ ಹಣ್ಣು

ನನ್ನ ಹಣ್ಣು ಕಳುವಾಗುತ್ತಿದೆ ಎಂದು ಮೊದಲು ಹೇಳಿದ್ದು ನನ್ನ ಕಿವಿ.

ಕೊಂಕಣಿ ಸೀಮೆಯ ಮಂಗೋರ್ ಹಿಲ್‌ನಲ್ಲಿ ನಮ್ಮ ಕನ್ನಡದವರ ಮನೆಗಳು ಗುಡ್ಡದ ಮೈಗೆ ಮೆಟ್ಟಿಲಿನ ಹಾಗೆ ಕೂತಿವೆ. ನನ್ನ ಅಂಗಳದ ಮೋಟುಗೋಡೆ ಮುಗಿದ ಕಡೆ ಕೆಳಗಿನ ಮನೆಯ ತಗಡಿನ ಚಾವಣಿ ಶುರುವಾಗುತ್ತದೆ. ನೀಲಿ ಡ್ರಮ್ಮಿನಲ್ಲಿ ನಾನು ಹಚ್ಚಿದ ಪ್ಯಾಶನ್ ಫ್ರೂಟ್ ಬಳ್ಳಿ ನನ್ನ ಮಾತನ್ನಾಗಲಿ ಕಟ್ಟಿದ ದಾರವನ್ನಾಗಲಿ ಲೆಕ್ಕಿಸದೆ ಆ ತಗಡಿನ ಮೇಲೆಲ್ಲ ಹರಡಿಕೊಂಡಿತ್ತು. ಈ ಹಣ್ಣನ್ನು ಕೀಳುವ ಅಗತ್ಯವಿಲ್ಲ. ಮಾಗಿದ ಮೇಲೆ ತಾನೇ ತೊಟ್ಟು ಬಿಡುತ್ತದೆ. ಮಣ್ಣಿನ ಮೇಲೆ ಬಿದ್ದರೆ ಸದ್ದಿಲ್ಲ, ತಗಡಿನ ಮೇಲೆ ಬಿದ್ದರೆ 'ಟಣ್'. ಅವತ್ತು ಬೆಳಗಿನ ನಮಾಜು ಮುಗಿಸಿ ಚಹಾ ಹಿಡಿದು ಕೂತಾಗ ಮೂರು ಸಲ ಟಣ್ ಎಂದಿತು. ಚಹಾ ಮುಗಿಸಿ, ಕೋಲಿನ ತುದಿಗೆ ಕಟ್ಟಿದ ಬಲೆಚೀಲ ಹಿಡಿದು ಹೋದರೆ ತಗಡಿನ ಮೇಲೆ ಎರಡೇ ಹಣ್ಣು.

"ಕಿವಿಗೂ ವಯಸ್ಸಾತು ಬಿಡ್ರಿ," ಎಂದಳು ಹೆಂಡತಿ.

ನನ್ನ ಕಿವಿಗೆ! ಉಸಗಾಂವದ ಗಣಿಯಿಂದ ಹೊಳೆಯ ಜೆಟ್ಟಿಯವರೆಗೆ ಅರ್ಧ ಆಯುಷ್ಯ ಅದಿರಿನ ಟ್ರಕ್ ಓಡಿಸಿದವನು ನಾನು. ಹಿಂದಿನ ಜೋಡಿ ಟೈರುಗಳ ನಡುವೆ ಕಲ್ಲು ಸಿಕ್ಕರೆ ಕ್ಯಾಬಿನ್ನಿನಲ್ಲಿ ಕೂತಲ್ಲಿಂದಲೇ ಎಡಗಡೆಯದೋ ಬಲಗಡೆಯದೋ ಹೇಳುತ್ತಿದ್ದೆ. ಕುಡಚಡೆಯ ಗ್ಯಾರೇಜಿನವರು ಇಂಜಿನ್ ಬಿಚ್ಚುವ ಮೊದಲು ನನ್ನನ್ನು ಕರೆಸಿ ಕೇಳಿಸುತ್ತಿದ್ದರು. ಅಂಥ ಕಿವಿ ಮೂರು ಎಂದರೆ ಮೂರೇ. ಆದ್ದರಿಂದ ಕಳ್ಳ ಇದ್ದಾನೆ ಎಂದು ಅಲ್ಲೇ ತೀರ್ಮಾನಿಸಿದೆ.

ಈ ಬಳ್ಳಿ ನನ್ನ ಮನೆಯಲ್ಲಿ ಉಳಿದದ್ದು ನನ್ನ ಹೊಟ್ಟೆಯ ಕಾರಣಕ್ಕೆ. ಅಷ್ಟು ವರ್ಷ ಸ್ಟಿಯರಿಂಗ್ ಮುಂದೆ ಕೂತವನ ಹೊಟ್ಟೆ ಬೆಳಿಗ್ಗೆ ಸುಲಭವಾಗಿ ಮಾತು ಕೇಳುವುದಿಲ್ಲ. ಜೊತೆಗೆ ಬಿ.ಪಿ. ಆಸ್ಪತ್ರೆಯಲ್ಲಿ ಮಾತ್ರೆ ಬರೆದವರು, ಊಟದ ವಿಚಾರ ಹೇಳುವ ಡಾಕ್ಟರ್ ಬಾಯಿಯ ಕಡೆಗೂ ಕಳಿಸಿದರು. ಹೆಂಗಸರನ್ನು ಗೌರವದಿಂದ ಕರೆಯಲು ಇಲ್ಲಿ ಬಾಯಿ ಎನ್ನುತ್ತಾರೆ. ಚಿಕ್ಕ ವಯಸ್ಸಿನ ಹುಡುಗಿ, ಇಲ್ಲಿಯ ಕೊಂಕಣಿಯವಳು, ಕನ್ನಡವನ್ನು ಹಿಂದಿಯ ಜೊತೆ ಕಲಸಿ ಮಾತಾಡುತ್ತಿದ್ದಳು. ಉಸಗಾಂವದ ಹಳೆಯ ಗೆಳೆಯನೊಬ್ಬ ಈ ಬಳ್ಳಿಯ ಸಸಿ ಕೊಟ್ಟಿದ್ದಾನೆ, ಹಣ್ಣು ತಿನ್ನಬಹುದೇ ಎಂದು ಕೇಳಿದೆ. ಅವಳ ಮುಖ ಅರಳಿತು. ತಿನ್ನಿ ಮಾಮು, ಆದರೆ ಸೋಸಬೇಡಿ ಎಂದಳು. ಆ ಕಪ್ಪು ಬೀಜದಲ್ಲೇ ನಾರು ಇರುವುದು, ಅದನ್ನು ಅಗಿದು ತಿಂದರೆ ಹೊಟ್ಟೆ ಸಲೀಸಾಗುತ್ತದೆ. ಹಳದಿ ರಸದಲ್ಲಿ ಸಿ ವಿಟಮಿನ್ ಇದೆ, ಕಣ್ಣಿಗೆ ಬೇಕಾದ ಎ ವಿಟಮಿನ್ ಇದೆ. ಪೊಟ್ಯಾಸಿಯಂ ಚೆನ್ನಾಗಿದೆ, ಅದು ಬಿ.ಪಿ.ಯನ್ನು ಹತೋಟಿಯಲ್ಲಿಡಲು ನೆರವಾಗುತ್ತದೆ. ಹಸಿರು ಕಾಯಿ ಮಾತ್ರ ತಿನ್ನಬೇಡಿ, ಸಿಪ್ಪೆ ಸುಕ್ಕುಗಟ್ಟಿದ ಹಣ್ಣು ಸಿಹಿ. ಮಾತ್ರೆ ಬಿಡಬೇಡಿ, ಸಕ್ಕರೆ ಸುರಿಯಬೇಡಿ.

ನಮ್ಮ ಓಣಿಯವರಿಗೆ ಇದು ಶರಬತ್ತಿನ ಹಣ್ಣು. ಬಟ್ಟೆಯಲ್ಲಿ ಹಿಂಡಿ, ಬೀಜ ಚೆಲ್ಲಿ, ಚೊಂಬು ನೀರಿಗೆ ಹಿಡಿ ಸಕ್ಕರೆ ಹಾಕಿ ಕುಡಿದು "ಅಹಹಾ" ಎನ್ನುವವರು. ಇವರಿಗೆ ಬುದ್ಧಿ ಕಲಿಸಬೇಕು ಎಂದು ಒಂದು ಬೋರ್ಡು ಬರೆದೆ. ಗುಜರಿಗೆ ಹೋದ ಟ್ರಕ್ಕಿನ ಬಾಗಿಲ ತಗಡು, ಕೆಂಪು ಬಿಳಿ ಆಯಿಲ್ ಪೇಂಟು. ನನ್ನ ಕಾಲದಲ್ಲಿ ಗಣಿಯ ಟ್ರಕ್ಕುಗಳ ನಂಬರ್ ಪ್ಲೇಟು ಮುಕ್ಕಾಲು ಪಾಲು ನನ್ನ ಕೈಬರಹವೇ. ಡಾಕ್ಟರ್ ಬಾಯಿ ಹೇಳಿದ್ದನ್ನು ನಾಲ್ಕು ಸಾಲಿನಲ್ಲಿ ಬರೆದೆ. 'ಪೊಟ್ಯಾಸಿಯಂ' ಎಂಬ ಪದ ನೋಡಲು ಗಂಭೀರವಾಗಿದ್ದರಿಂದ ಅದಕ್ಕೆ ಕೆಂಪು ಬಣ್ಣ ಕೊಟ್ಟೆ. ಅಷ್ಟು ಬರೆದರೂ ಕೆಳಗೆ ಜಾಗ ಉಳಿಯಿತು. ಖಾಲಿ ತಗಡು ನೋಡಿದರೆ ನನ್ನ ಕೈ ಸುಮ್ಮನಿರುವುದಿಲ್ಲ. ಐದನೆಯ ಸಾಲು: 'ಬೋಳುತಲೆಯಲ್ಲಿ ಕೂದಲು ಬರುವುದು.' ಆರನೆಯ ಸಾಲು: 'ಕಿಡ್ನಿ ತೊಳೆದು ಲಕಲಕ ಮಾಡುವುದು.' ಏಳನೆಯದು: 'ಹೆಂಡತಿಯ ಸಿಟ್ಟು ಇಳಿಸುವುದು.' ಬಳ್ಳಿಯ ಪಕ್ಕದಲ್ಲಿ, ಓಣಿಗೂ ಕೆಳಗಿನ ಮನೆಗೂ ಕಾಣುವ ಹಾಗೆ ತೂಗುಹಾಕಿದೆ.

ಓಣಿಯ ಬೋಳುತಲೆಯವರೆಲ್ಲ ಒಬ್ಬೊಬ್ಬರಾಗಿ ಬಂದು, ಬೇರೇನೋ ಕೆಲಸವಿದ್ದವರ ಹಾಗೆ ಹಣ್ಣು ಕೇಳಿ ಹೋದರು. ವಾರಗಟ್ಟಲೆ ನಕ್ಕೆ.

ಇನ್ನು ಕೆಳಗಿನ ಮನೆಯವರ ವಿಷಯ. ಅವರು ಬೆಳಗಾವಿ ಕಡೆಯ ಕಿರಾಣಿ ವ್ಯಾಪಾರಸ್ಥರು. ಅಂಗಡಿ ಈಗ ಮಗನ ಕೈಯಲ್ಲಿದೆ, ಆದರೂ ಎಲ್ಲರಿಗೂ ಅವರು ಸಾವ್ಕಾರರೇ. ಗಿರಾಕಿ ಬರೆದು ತಂದ ಸಾಮಾನಿನ ಚೀಟಿಗೆ ನಮ್ಮ ಕಡೆ ಯಾದಿ ಎನ್ನುತ್ತಾರಲ್ಲ, ಸಾವ್ಕಾರರಿಗೆ ಆ ಯಾದಿಯೇ ದೇವರು. ಯಾದಿಯಲ್ಲಿ ಇರುವುದೆಲ್ಲ ಬರುತ್ತದೆ, ಇಲ್ಲದ್ದು ಬರುವುದಿಲ್ಲ. ಒಂದು ಮದುವೆಯ ಯಾದಿಯಲ್ಲಿ ಉಪ್ಪು ಬರೆಯಲು ಮರೆತಿದ್ದರು. ಸಾವ್ಕಾರರು ಅಕ್ಕಿ, ಬೇಳೆ, ಬೆಲ್ಲ, ಇಂಗು, ಊದುಬತ್ತಿಯವರೆಗೂ ಕಳಿಸಿ ಉಪ್ಪು ಕಳಿಸಲಿಲ್ಲ. ಅಡಿಗೆಯವನು ಓಡಿ ಬಂದಾಗ ಯಾದಿ ಹಿಡಿದು ತೋರಿಸಿದರಂತೆ: "ಎಲ್ಲೈತಿ ಉಪ್ಪು? ತೋರಸು."

ಎರಡು ವರ್ಷದಿಂದ ಸಾವ್ಕಾರರ ಕಿಡ್ನಿ ಸರಿಯಿಲ್ಲ. ಪಥ್ಯ ಬಿಗಿ. ರಕ್ತದಲ್ಲಿ ಅದೇನೋ ಏರುತ್ತದಂತೆ, ಏರಿದರೆ ಎದೆಯ ಬಡಿತವೇ ತಪ್ಪುತ್ತದಂತೆ, ಹೀಗೇ ಏರುತ್ತಿದ್ದರೆ ರಕ್ತ ಸೋಸುವ ಮಷೀನಿಗೆ ಹಚ್ಚಬೇಕಾದೀತು ಎಂದು ಡಾಕ್ಟರು ಹೇಳಿದ್ದರಂತೆ. ಇದನ್ನೆಲ್ಲ ನನ್ನ ಹೆಂಡತಿ ಹೇಳುವಾಗ ನಾನು ತಗಡಿನ ಕಡೆಗೇ ಕಿವಿ ಕೊಟ್ಟು ಕೂತಿದ್ದೆ. ಏರುವುದು ಏನು ಎಂದು ಕೇಳಲಿಲ್ಲ.

ಕಳ್ಳತನದ ನನ್ನ ಮೊದಲ ಅನುಮಾನ ಬಿದ್ದದ್ದು ಹೆಂಡತಿಯ ಮೇಲೆ. ಈ ಹಣ್ಣಿನ ವಾಸನೆ ಮುಚ್ಚಿಡಲು ಬರುವುದಿಲ್ಲ. ಅವಳು ಪಾತ್ರೆ ತೊಳೆಯುವಾಗ ಹಿಂದಿನಿಂದ ಹೋಗಿ ಮೂಗು ಚಾಚಿದೆ.

"ಮೂಸ್ರಿ, ಚಲೋತ್ನ್ಯಾಗ ಮೂಸ್ರಿ," ಎಂದಳು ತಿರುಗದೆ. "ಉಳ್ಳಾಗಡ್ಡಿ ವಾಸನಿ ಬಂದ್ರ ಅದನ್ನೂ ನಿಮ್ಮ ಬೋರ್ಡಿನ್ಯಾಗ ಬರೀರಿ."

"ಬಾಯಿ ತಗಿ. ಹಲ್ಲಾಗ ಬೀಜ ಐತೇನ ನೋಡ್ತೀನಿ."

"ನನ್ನ ಹಲ್ಲಾಗ ನೋಡಾಕ ಬರ್ತೀರಿ, ನಿಮ್ಮ ಬಾಯಾಗ ಹಲ್ಲ ಎಷ್ಟ ಉಳದಾವ ಮೊದಲ ನೋಡ್ಕೊಳ್ರಿ."

ನಂತರ ಮಂಗಗಳ ಮೇಲೆ ಅನುಮಾನ ಬಂತು. ಆದರೆ ಮಂಗ ತಿಂದರೆ ಅರ್ಧ ತಿಂದು ಅರ್ಧ ಮುಖಕ್ಕೇ ಎಸೆಯುತ್ತದೆ. ನನ್ನ ಕಳ್ಳನಿಗೆ ಶಿಸ್ತಿತ್ತು: ಒಂದು ಹಣ್ಣು, ದಿನ ಬಿಟ್ಟು ದಿನ, ಸದ್ದಿಲ್ಲದೆ. ಮೀನು ಮಾರುವ ಹೆಂಗಸು ಅದೇ ಹೊತ್ತಿಗೆ ಓಣಿ ಹತ್ತುತ್ತಾಳೆ ಎಂದು ಹೊಳೆಯಿತು. ಒಂದು ದಿನ ಬಾಂಗಡೆ ಕೊಳ್ಳುವವನ ಹಾಗೆ ಕೂತು ಅವಳ ಬುಟ್ಟಿಯ ತಳದವರೆಗೂ ಕೈ ಹಾಕಿ ತಡಕಿದೆ. ಅವಳು ಕೊಂಕಣಿಯಲ್ಲಿ ನನ್ನ ಏಳು ತಲೆಮಾರನ್ನು ಬುಟ್ಟಿಯ ಜೊತೆ ತೂಗಿ ಇಟ್ಟಳು. ಕೈಗೆ ಸಿಕ್ಕಿದ್ದು ಮಂಜುಗಡ್ಡೆ. ಎರಡು ದಿನ ಅನ್ನದ ತುತ್ತಿನಲ್ಲೂ ಮೀನಿನ ವಾಸನೆ.

ಸಾವ್ಕಾರರ ಮೇಲೆ ಮಾತ್ರ ನನಗೆ ಅನುಮಾನ ಬರಲೇ ಇಲ್ಲ. ಅದಕ್ಕೂ ಒಂದು ಕಥೆಯಿದೆ, ಹೇಳಿಬಿಡುತ್ತೇನೆ. ಬೆಳಗಾವಿ ಕಡೆಯವರಾದರೂ ಧಾರವಾಡ ಪೇಡೆಯ ಬಗ್ಗೆ ತಮಗಿಂತ ಬಲ್ಲವರಿಲ್ಲ ಎಂಬ ಗರ್ವ ಅವರಿಗೆ. ನಾನು ಗಣಿಯ ಕೆಂಪುಮಣ್ಣನ್ನು ನುಣ್ಣಗೆ ಜರಡಿ ಹಿಡಿದು, ಕಲಸಿ, ಉಂಡೆ ಮಾಡಿ, ಮೇಲೆ ಸಕ್ಕರೆ ಪುಡಿ ಉದುರಿಸಿ, ಖಾಲಿ ಪೇಡೆಯ ಡಬ್ಬಿಯಲ್ಲಿ ಒಪ್ಪವಾಗಿ ಜೋಡಿಸಿ, ಓಣಿಯ ನಾಲ್ಕು ಜನರ ಮುಂದೆ ಕೊಟ್ಟೆ. ಸಾವ್ಕಾರರು ಒಂದನ್ನು ಬಾಯಿಗೆ ಹಾಕಿ, ಕಣ್ಣು ಮುಚ್ಚಿ, ಬಲ್ಲವರ ಹಾಗೆ ಅಗಿದು, "ತುಪ್ಪ ಸ್ವಲ್ಪ ಕಡಿಮಿ ಆಗೈತಿ," ಎಂದರು. ಆಮೇಲೆ ಕಣ್ಣು ತೆರೆದರು. ಅಂಥ ಕರಾಮತ್ತು ನಾನು ಇನ್ನೊಂದು ಮಾಡಿಲ್ಲ. ಬಾಯಿ ತೊಳೆದುಕೊಂಡು ಬಂದು ಎಲ್ಲರೆದುರು ಆಣೆ ಮಾಡಿದರು: "ಇನ್ನ ಮ್ಯಾಲ ಡ್ರೈವರ್‌ಸಾಬರ ಕೈಲೆ ಒಂದ ಹನಿ ನೀರು ಸೈತ ತಗೊಳ್ಳೂದಿಲ್ಲ." ಈದ್‌ನ ಶಿರಖುರ್ಮಾ ಪಾಯಸ ಸಹ ಅಂದಿನಿಂದ ನನ್ನ ಹೆಂಡತಿಯ ಕೈಯಿಂದಲೇ ಅವರಿಗೆ ಹೋಗಬೇಕು. ಇಂಥ ಮನುಷ್ಯ ನನ್ನ ಬಳ್ಳಿಯ ಹಣ್ಣು ಮುಟ್ಟುತ್ತಾರೆಯೇ?

ಕಳ್ಳನನ್ನು ಹಿಡಿಯಲು ಹಳೆಯ ವಿದ್ಯೆಯನ್ನೇ ಹೊರಗೆ ತೆಗೆದೆ. ಸಣ್ಣ ಬ್ರಷ್ಷಿನಿಂದ, ಕೈಗೆಟುಕಿದ ಪ್ರತಿ ಹಣ್ಣಿನ ಮೇಲೂ ಬಿಳಿ ಬಣ್ಣದಲ್ಲಿ ನಂಬರು ಬರೆದೆ. ನೇರಳೆ ಸಿಪ್ಪೆಯ ಮೇಲೆ ಬಿಳಿ ಅಂಕಿ, ಹೊಸ ಗಾಡಿಗಳು ಸಾಲಾಗಿ ನಿಂತ ಹಾಗೆ. ಒಂದರಿಂದ ಹತ್ತೊಂಬತ್ತು. ಹೆಂಡತಿ ನೋಡಿ, "ಆರ್.ಟಿ.ಓ. ಕಡಿಂದ ಪಾಸಿಂಗ್ ಆಗೈತೇನ್ರಿ?" ಎಂದಳು. ವಾರ ಕಳೆಯುವುದರೊಳಗೆ ಏಳು ಹೋಯಿತು, ಹನ್ನೊಂದು ಹೋಯಿತು, ನಾಲ್ಕು ಹೋಯಿತು. ಓಣಿಯ ನಲ್ಲಿಯ ಹತ್ತಿರ ನಿಂತು ಎಲ್ಲರಿಗೂ ಕೇಳುವ ಹಾಗೆ ಹೇಳಿದೆ, ಕಳ್ಳ ಸಿಕ್ಕ ದಿನ ಅವನ ಬೆನ್ನ ಮೇಲೆ ಇಪ್ಪತ್ತು ಎಂದು ಬರೆಯುತ್ತೇನೆ ಎಂದು.

ಮರುದಿನ ಮಧ್ಯಾಹ್ನ ಹೆಂಡತಿ ಜೋಳದ ರೊಟ್ಟಿ ಬಟ್ಟೆಯಲ್ಲಿ ಸುತ್ತಿ, ಕೆಳಗೆ ವೈನಿಗೆ ಕೊಟ್ಟು ಬನ್ನಿ ಎಂದಳು. ವೈನಿ ಎಂದರೆ ಸಾವ್ಕಾರರ ಹೆಂಡತಿ. ನನ್ನನ್ನು ಅಣ್ಣಾರ ಎನ್ನುತ್ತಾರೆ. ಅವರು ಹಿತ್ತಲ ಬಾಗಿಲಲ್ಲಿ ಮೊಣಕಾಲು ಹಿಡಿದು ಕೂತಿದ್ದರು. ಕಣ್ಣು ಕೆಂಪಾಗಿತ್ತು.

"ಬರ್ರಿ ಅಣ್ಣಾರ. ಅವರು ಮಲಗ್ಯಾರ. ನಿನ್ನಿ ರಿಪೋರ್ಟ್ ಬಂತು. ಮತ್ತ ಏರೇತ್ರಿ."

"ಏನ ಏರೇತ್ರಿ ವೈನಿ?"

"ಅದ ರೀ, ಪೊಟ್ಯಾಸಿಯಂ. ಬಾಳಿಹಣ್ಣು ಮನ್ಯಾಗ ತರೂದ ಬಿಟ್ಟೆ. ಎಳನೀರು ಬಿಟ್ಟೆ. ಸಾರಿಗೆ ಟೊಮೆಟೊ ಹಾಕೂದಿಲ್ಲ. ಬಟಾಟಿ ಹೆಚ್ಚಿ, ಭಾಳ ನೀರಾಗ ಕುದಿಸಿ, ಆ ನೀರು ಚೆಲ್ಲಿ ಪಲ್ಯ ಮಾಡ್ತೀನಿ, ಅದೂ ಯಾವಾಗರೆ ಒಮ್ಮೆ. ಇಷ್ಟ ಮಾಡಿದ್ರೂ ಡಾಕ್ಟರ್ ನನ್ನ ಮಾರಿ ನೋಡಿ, ಬಾಯಿ, ಏನರೆ ಕದ್ದು ತಿನಸಾಕತ್ತೀರೇನು ಅಂತ ಕೇಳ್ತಾರ. ಮಗಾನೂ ಹಂಗ ನೋಡ್ತಾನ." ಸೆರಗಿನಿಂದ ಮೂಗು ಒರೆಸಿಕೊಂಡರು. "ನಲವತ್ತ ವರ್ಷ ಸಂಸಾರ ಮಾಡೇನಿ ಅಣ್ಣಾರ. ಗಂಡಗ ವಿಷಾ ಹಾಕಾಕತ್ತೇನೇನ್ ನಾ? ಏನೋ ಪುಡಿ ಔಷಧ ಕೊಟ್ಟಾರ. ಮುಂದಿನ ವಾರ ಮತ್ತ ರಕ್ತ ಕೊಡಬೇಕು. ಆವಾಗೂ ಇಳೀಲಿಲ್ಲಂದ್ರ ಅಡ್ಮಿಟ್ ಆಗ್ರಿ, ಮಷೀನಿಂದ ನೋಡೂಣು ಅಂದಾರ."

ರೊಟ್ಟಿಯ ಗಂಟು ಇಡಲು ಜಾಗ ಹುಡುಕಿ ಪಕ್ಕಕ್ಕೆ ನೋಡಿದೆ. ಎಣ್ಣೆಯ ಹಳೆಯ ಡಬ್ಬದಲ್ಲಿ ಕರಿಬೇವಿನ ಗಿಡ ಹಚ್ಚಿದ್ದರು. ಅದರ ಬುಡದಲ್ಲಿ ಗೊಬ್ಬರಕ್ಕೆಂದು ಯಾರೋ ಸಿಪ್ಪೆ ಒತ್ತಿಟ್ಟಿದ್ದರು. ಚಮಚದಿಂದ ಚೊಕ್ಕಟವಾಗಿ ಕೆರೆದ ಅರ್ಧ ಹೋಳು, ಬಟ್ಟಲಿನ ಹಾಗೆ ಕವುಚಿ ಬಿದ್ದಿತ್ತು. ಅದರ ಬೆನ್ನ ಮೇಲೆ ಬಿಳಿ ಬಣ್ಣದಲ್ಲಿ ಏಳು. ನನ್ನ ಏಳು. ಮೇಲಿನ ಗೆರೆಗೆ ನಾನು ಕೊಡುವ ಕೊಂಕು ಇನ್ನಾರಿಗೂ ಬರುವುದಿಲ್ಲ. ಅದರ ಕೆಳಗೆ ಹನ್ನೊಂದರ ಒಂದು ತುಂಡು.

ಕಳ್ಳ ಸಿಕ್ಕಿದ್ದ. ಕೂಗಬೇಕೆಂದು ಬಾಯಿ ತೆರೆದೆ. ಆದರೆ ಕಿವಿಯಲ್ಲಿ ವೈನಿಯ ಮಾತು ಇನ್ನೂ ಇತ್ತು, ಕಣ್ಣ ಮುಂದೆ ನಾನೇ ಕೆಂಪು ಬಣ್ಣದಲ್ಲಿ ಬರೆದ ಆ ಗಂಭೀರ ಪದ. ಅದರ ಎರಡು ಸಾಲು ಕೆಳಗೆ ಕಿಡ್ನಿ, ಲಕಲಕ.

ಒಳಗೆ ಹೋಗಿ ಸಾವ್ಕಾರರ ಮಂಚ ಅಲುಗಾಡಿಸಿದೆ.

"ಸಾವ್ಕಾರ್ರ, ಏಳ್ರಿ. ಈ ಸಿಪ್ಪಿ ಯಾವುದು?"

ಅವರು ಎದ್ದು ಕೂತು, ಕನ್ನಡಕ ಹಾಕಿಕೊಂಡು ನೋಡಿ, ಸ್ವಲ್ಪವೂ ನಾಚಲಿಲ್ಲ. "ಏಳನೇ ನಂಬರಿಂದು. ಚಲೋ ಹಣ್ಣು. ಆದರ ಕೇಳ್ರಿ, ನಿಮ್ಮ ಕೈಲೆ ತಗೊಂಡಿಲ್ಲ. ನನ್ನ ತಗಡಿನ ಮ್ಯಾಲ ಬಿತ್ತು, ನನ್ನ ಕೈಲೆ ಎತ್ತೇನಿ. ಆಣಿ ಮುರದಿಲ್ಲ."

"ಆಣಿ ಹಾಳಾಗ್ಲಿ! ಅದರಾಗ ಪೊಟ್ಯಾಸಿಯಂ ಐತ್ರಿ!"

ಬಾಗಿಲಲ್ಲಿ ನಿಂತಿದ್ದ ವೈನಿ ಹಣೆ ಹಿಡಿದುಕೊಂಡರು. "ನೀವ ತಿಂದೀರಿ? ನನ್ನ ಕಣ್ಣ ತಪ್ಪಿಸಿ?"

"ಕಣ್ಣ ಯಾಕ ತಪ್ಪಸ್ಲಿ? ಮುಂಜಾನಿ ನೀ ಹಾಲಿಗೆ ಹೋದಾಗ ತಿಂತೀನಿ," ಎಂದರು ಸಾವ್ಕಾರರು. ದಿಂಬಿನ ಕೆಳಗಿನಿಂದ ಪ್ಲಾಸ್ಟಿಕ್ ಹಾಳೆಯಲ್ಲಿ ಇಟ್ಟ ಕಾಗದ ತೆಗೆದರು. ಆಸ್ಪತ್ರೆಯಿಂದ ಬರೆದು ಕೊಟ್ಟ ಪಥ್ಯದ ಪಟ್ಟಿ. "ತಿನ್ನಬಾರದ್ದು ಅಂತ ಯಾದಿ ಕೊಟ್ಟಾರ. ಬಾಳಿಹಣ್ಣು, ಕಿತ್ತಳಿ, ಎಳನೀರು, ಟೊಮೆಟೊ, ಬಟಾಟಿ, ಒಣದ್ರಾಕ್ಷಿ. ಒಟ್ಟ ಹದಿನಾಲ್ಕ ಸಾಮಾನು. ನಿಮ್ಮ ಹಣ್ಣು ಎಲ್ಲೈತಿ? ತೋರಸ್ರಿ."

"ಅಲ್ರಿ, ನಿಮ್ಮ ಮನಿ ಮ್ಯಾಲ ಈ ಬಳ್ಳಿ ಐತಿ ಅಂತ ಬರದವರಿಗೆ ಏನ್ ಗೊತ್ತು?"

"ಯಾದ್ಯಾಗ ಇಲ್ಲ."

"ಸಾವ್ಕಾರ್ರ..."

"ಯಾದ್ಯಾಗ ಇಲ್ಲ ಅಂದ್ರ ಇಲ್ಲ. ಮತ್ತ ನಿಮ್ಮ ಬೋರ್ಡಿನ್ಯಾಗ ಐತಿ. ಆರನೇ ಸಾಲು. ದಿನಾ ಮುಂಜಾನಿ ಓದ್ತೀನಿ. ಕಿಡ್ನಿ ತೊಳೀತೈತಿ ಅಂತ ನೀವ ಬರದೀರಿ. ಅದು ಖರೇನೋ ಸುಳ್ಳೋ?"

ನಾನು ನನ್ನ ಜೀವನದಲ್ಲಿ ಎಷ್ಟೋ ಜನರಿಗೆ ಟೋಪಿ ಹಾಕಿದ್ದೇನೆ, ಅದನ್ನು ಹಾಕಿದವನು ನಾನೇ ಎಂದು ಕೇಳುವ ಮೊದಲೇ ಹೇಳಿಕೊಂಡಿದ್ದೇನೆ. ಅವತ್ತು ಮಾತ್ರ ಕೇಳಿದ ಮೇಲೆ ಹೇಳಬೇಕಾಯಿತು.

"ಸುಳ್ಳು," ಎಂದೆ.

"ಯಾವುದು ಸುಳ್ಳು? ಬೋರ್ಡೋ, ಈಗ ಹೇಳಾಕತ್ತಿದ್ದೋ?"

"ಬೋರ್ಡು. ಜಾಗ ಉಳದಿತ್ತು, ಬರದೆ."

ಸಾವ್ಕಾರರು ಕನ್ನಡಕ ತೆಗೆದು ನನ್ನನ್ನೇ ನೋಡಿದರು. ಕಲಬೆರಕೆ ಬೇಳೆ ನೋಡುವ ನೋಟ ಅದು. "ತಿಂಗಳಾತು, ಹಣ್ಣು ಹಣ್ಣು ಅಂತ ಓಣಿ ತುಂಬ ಒದರಾಕತ್ತೀರಿ. ಮೀನಿನ ಬುಟ್ಟಿ ಸೈತ ಬಿಡಲಿಲ್ಲ. ಈಗ ನಾ ಸಿಕ್ಕೆ, ಕೂಡ್ಲೇ ಹಣ್ಣು ವಿಷಾ ಆತು. ನಾ ತಿನ್ನೂದು ಬಿಟ್ರ ಹಣ್ಣು ಯಾರಿಗೆ ಉಳೀತಾವ? ಡ್ರೈವರ್‌ಸಾಬ್ರ, ಮಣ್ಣಿನ ಪೇಡಾ ಒಂದ ಸಲ ತಿಂದೇನಿ. ಎರಡನೇ ಸಲ ತಿನ್ನೂದಿಲ್ಲ."

ಎಲ್ಲ ಹಣ್ಣನ್ನೂ ಮಸೀದಿಯ ಬಾಗಿಲಲ್ಲಿ ಹಂಚಿಬಿಡುತ್ತೇನೆ ಎಂದೆ. ನಂಬಲಿಲ್ಲ. ಮೇಜಿನ ಮೇಲಿದ್ದ ಪೆನ್ನು ತೆಗೆದು ಯಾದಿಯಲ್ಲಿ ಹದಿನೈದನೆಯದಾಗಿ ಸೇರಿಸಲು ಹೋದೆ. ಕಾಗದವನ್ನು ಎದೆಗೆ ಅವಚಿಕೊಂಡರು. "ನಿಮ್ಮ ಅಕ್ಷರ ನಂಗ ಗೊತ್ತೈತಿ!" ವೈನಿ ಎಷ್ಟು ಬೇಡಿಕೊಂಡರೂ, "ನಿನಗೂ ಇವರು ಹೇಳಿಕೊಟ್ಟಾರ," ಎಂದು ಗೋಡೆಯ ಕಡೆ ಹೊರಳಿದರು. ಕೊನೆಗೆ ಅವರೇ ಒಂದು ಷರತ್ತು ಹಾಕಿದರು: ಯಾದಿ ಬರೆದ ಡಾಕ್ಟರ್ ಬಾಯಿ ತನ್ನ ಕೈಯಿಂದ ಬರೆದರೆ ಬಿಡುತ್ತೇನೆ, ಬೇರೆ ಯಾರು ಹೇಳಿದರೂ ಇಲ್ಲ.

ಮರುದಿನ ಬೆಳಿಗ್ಗೆ ಮೂವರೂ ಬಸ್ಸು ಹತ್ತಿದೆವು. ಸಾವ್ಕಾರರು ನನ್ನಿಂದ ನಾಲ್ಕು ಸೀಟು ಮುಂದೆ ಕೂತು, ಆಗಾಗ ತಿರುಗಿ, ನಾನು ಫೋನಿನಲ್ಲಿ ಯಾರ ಜೊತೆಗಾದರೂ ಮಾತಾಡುತ್ತಿದ್ದೇನೆಯೇ ಎಂದು ನೋಡುತ್ತಿದ್ದರು. ಆಸ್ಪತ್ರೆಗೆ ಹೋದ ಮೇಲೆ ಅವರ ಅನುಮಾನ ಇನ್ನೂ ಬೆಳೆಯಿತು. ಯಾದಿ ಬರೆದವಳು ನನಗೆ ಬೀಜ ಅಗಿಯಲು ಹೇಳಿದ ಅದೇ ಬಾಯಿ. ನನ್ನನ್ನು ಕಂಡ ಕೂಡಲೇ, "ಮಾಮು, ಹೊಟ್ಟೆ ಹೇಗಿದೆ?" ಎಂದು ನಕ್ಕಳು.

"ಓಹೋ, ಪರಿಚಯ ಐತಿ," ಎಂದರು ಸಾವ್ಕಾರರು. "ಎಲ್ಲಾ ಮೊದಲ ಹೇಳಿ ಇಟ್ಟೀರಿ. ನೀವು ಹೊರಗ ಕೂಡ್ರಿ."

ಹೊರಗೆ ಬೆಂಚಿನ ಮೇಲೆ ಕೂತೆ. ಅವಳ ಕೋಣೆಗೆ ಬಾಗಿಲಿರಲಿಲ್ಲ, ಪರದೆ ಇತ್ತು. ಪರದೆ ನನ್ನ ಕಿವಿಗೆ ಎಲ್ಲಿ ಸಾಟಿ? ಆದರೂ ಒಂದು ಹೆದರಿಕೆ ಇತ್ತು. ಈ ಹುಡುಗಿ ನನಗೆ ಹೊಗಳಿದ ಹಣ್ಣನ್ನು ಇವರ ಮುಂದೆಯೂ ಹೊಗಳಿಬಿಟ್ಟರೆ? ಒಳ್ಳೆಯ ಹಣ್ಣು ಎಂದು ಒಂದೇ ಮಾತು ಅವಳ ಬಾಯಿಂದ ಬಂದರೆ ಸಾವ್ಕಾರರು ಅದನ್ನೇ ಹಿಡಿದು ಎದ್ದು ಬಂದಾರು.

ಸಾವ್ಕಾರರು ಅಂಗಿಯ ಜೇಬಿನಿಂದ ಏನೋ ತೆಗೆದು ಮೇಜಿನ ಮೇಲೆ ಇಟ್ಟ ಸದ್ದಾಯಿತು. ಉರುಳಿ ನಿಂತ ಸದ್ದಿನಿಂದಲೇ ತಿಳಿಯಿತು. ಕಾಣೆಯಾದ ನಾಲ್ಕನೆಯ ನಂಬರು.

"ಇದನ್ನ ನಾ ತಿನ್ನಬಹುದೇನ್ರಿ ಬಾಯಿ? ಮೊದಲ ಹೇಳ್ತೀನಿ, ಹೊರಗ ಕೂತವರು ಏನ್ ಹೇಳ್ಯಾರೋ ಅದನ್ನ ಹೇಳಬ್ಯಾಡ್ರಿ."

ಅವಳು ರಿಪೋರ್ಟಿನ ಹಾಳೆ ತಿರುವಿದ ಸದ್ದು ಕೇಳಿತು. "ಎಷ್ಟು ದಿನದಿಂದ ತಿನ್ನುತ್ತಿದ್ದೀರಿ, ಅಜ್ಜಾ?"

"ತಿಂಗಳಾತು. ದಿನಾ ಬಿಟ್ಟು ದಿನಾ. ಕೆಲವೊಮ್ಮೆ ದಿನಾ."

ಕುರ್ಚಿ ಸರಿದ ಸದ್ದು. ನಂತರ ಅವಳು ತನ್ನ ಕಲಸಿದ ಭಾಷೆಯಲ್ಲಿ ನಿಧಾನವಾಗಿ ಹೇಳಿದಳು. ಹಣ್ಣಿನಲ್ಲಿ ತಪ್ಪಿಲ್ಲ. ಹೊರಗೆ ಕೂತ ಮಾಮುವಿನ ಕಿಡ್ನಿ ಬೇಕಾದಷ್ಟು ಪೊಟ್ಯಾಸಿಯಂ ಇಟ್ಟುಕೊಂಡು ಉಳಿದದ್ದನ್ನು ಹೊರಗೆ ಹಾಕುತ್ತದೆ, ಅವರಿಗೆ ಅದು ಒಳ್ಳೆಯದು. ನಿಮ್ಮ ಕಿಡ್ನಿಗೆ ಹೊರಗೆ ಹಾಕುವ ಶಕ್ತಿ ಕಡಿಮೆಯಾಗಿದೆ, ಆದ್ದರಿಂದ ಅದು ರಕ್ತದಲ್ಲೇ ನಿಲ್ಲುತ್ತದೆ. ಅವರಿಗೆ ನಾನೇ ತಿನ್ನಲು ಹೇಳಿದೆ, ನಿಮಗೆ ನಾನೇ ಬೇಡ ಎನ್ನುತ್ತೇನೆ. ಈ ಪಟ್ಟಿಯಲ್ಲಿ ಊರಲ್ಲಿ ಎಲ್ಲರೂ ತಿನ್ನುವ ಹಣ್ಣುಗಳಷ್ಟೇ ಇವೆ. ಇಲ್ಲದ್ದು ಕಂಡರೆ ಕೇಳಬೇಕು ಅಜ್ಜಾ, ತಿನ್ನಬಾರದು.

ಸಾವ್ಕಾರರು ಕೆಮ್ಮಿದರು. "ಬರೀರಿ," ಎಂದರು. ಪೆನ್ನಿನ ಸದ್ದು. "ಸಹಿ ಮಾಡ್ರಿ." ಮತ್ತೆ ಪೆನ್ನಿನ ಸದ್ದು. "ಸಿಕ್ಕಾ ಹೊಡೀರಿ." ಟಪ್ ಎಂದು ಮುದ್ರೆ ಬಿತ್ತು.

ಆಮೇಲೆ ವೈನಿ ನನ್ನ ಬೋರ್ಡಿನ ಕಥೆ ಹೇಳಿದರು. ಬಾಯಿ ನನ್ನನ್ನು ಒಳಗೆ ಕರೆದಳು. ನಗು ಇರಲಿಲ್ಲ. "ನಾನು ನಿಮಗೆ ಹೇಳಿದ್ದು ಎಷ್ಟು ಸಾಲು, ಮಾಮು?" ಎಂದಳು.

"ನಾಲ್ಕು," ಎಂದೆ.

"ಬರೆದದ್ದು?"

"ಏಳು."

ಇಂಜಿನ್ ಬಿಚ್ಚುವ ಮೊದಲು ನನ್ನನ್ನು ಕೇಳುತ್ತಿದ್ದ ಗ್ಯಾರೇಜಿನವರು ಯಾರೂ ಅಲ್ಲಿ ಇರಲಿಲ್ಲ, ಅದೇ ಪುಣ್ಯ.

ಅವತ್ತೇ ಸಂಜೆ ಬೋರ್ಡು ಇಳಿಸಿದೆ. ಸೀಮೆಎಣ್ಣೆಯ ಚಿಂದಿಯಿಂದ ಉಜ್ಜಿ, ಉಳಿಯಿಂದ ಕೆರೆದೆ. ಸಾವ್ಕಾರರು ಕೆಳಗಿನಿಂದ ಮೆಟ್ಟಿಲು ಹತ್ತಿ ಬಂದು, ಮೋಟುಗೋಡೆಯ ಮೇಲೆ ಕೂತು, ಒಂದೊಂದು ಸಾಲೂ ಹೇಳಿ ಬರೆಸಿದರು. ಆರನೆಯ ಸಾಲು ಹೋದ ಜಾಗದಲ್ಲಿ 'ಕಿಡ್ನಿ ತೊಂದರೆ ಇದ್ದವರು ಡಾಕ್ಟರನ್ನು ಕೇಳದೆ ತಿನ್ನಬಾರದು' ಎಂದು ಬಂತು. ಅದಕ್ಕೂ ಕೆಂಪು ಬಣ್ಣವೇ ಆಗಬೇಕು ಎಂದರು. ಬೋಳುತಲೆಯ ಸಾಲು ಇರಲಿ, ಯಾರಿಗೇನು ನಷ್ಟ ಎಂದೆ. ತಮ್ಮ ಬೋಳುತಲೆಯನ್ನು ಬಗ್ಗಿಸಿ ನನ್ನ ಮುಂದೆ ಹಿಡಿದರು. "ತಿಂಗಳಾತು. ಒಂದರೆ ಬಂದೈತೇನ್ ನೋಡ್ರಿ." ಅದನ್ನೂ ಕೆರೆದೆ. ಏಳನೆಯ ಸಾಲಿಗೆ ಬಂದಾಗ ಒಳಗಿನಿಂದ ಹೆಂಡತಿಯ ದನಿ: "ಅದನ್ನ ಮೊದಲ ಅಳಸ್ರಿ, ಇಲ್ಲಾಂದ್ರ ಡ್ರಮ್ಮಿನ ಸಮೇತ ಬಳ್ಳಿ ಕೆಳಗ ಹೋಕ್ಕೈತಿ."

ಅಂದಿನಿಂದ ಬೆಳಿಗ್ಗೆ ತಗಡಿನ ಮೇಲೆ ಟಣ್ ಎಂದರೆ, ಹಿಂದೆಯೇ ಸಾವ್ಕಾರರು ಹಣ್ಣನ್ನು ನನ್ನ ಅಂಗಳಕ್ಕೆ ಎಸೆಯುವ ಸದ್ದು ಕೇಳುತ್ತದೆ. ಆದರೂ ನನಗೆ ನಂಬಿಕೆಯಿಲ್ಲ. ಒಂದು ದಿನ ನಾಲ್ಕು ಟಣ್ ಕೇಳಿ ಮೂರೇ ಹಣ್ಣು ಬಂದಾಗ ಚಪ್ಪಲಿ ಸಹ ಮೆಟ್ಟದೆ ಕೆಳಗೆ ಓಡಿದೆ.

"ಬಾಯಿ ತಗೀರಿ ಸಾವ್ಕಾರ್ರ."

"ಹಲ್ಲಿನ ಸೆಟ್ಟು ಇನ್ನೂ ಹಾಕ್ಕೊಂಡಿಲ್ಲ, ನೋಡ್ರಿ," ಎಂದು ಬಾಯಿ ತೆರೆದು ತೋರಿಸಿದರು. ಅಷ್ಟರಲ್ಲಿ ವೈನಿ ಮಳೆನೀರಿನ ಕೊಳವೆಯಲ್ಲಿ ಸಿಕ್ಕಿಕೊಂಡ ಹಣ್ಣನ್ನು ಕೋಲಿನಿಂದ ಹೊರಗೆ ತೆಗೆದರು. ನನ್ನ ಕಡೆ ಹಿಡಿದು, "ತಗೋರಿ ಅಣ್ಣಾರ. ಇನ್ನ ಮ್ಯಾಲ ನಾ ಕಾಯ್ತೀನಿ, ನೀವು ಮಲಗ್ರಿ," ಎಂದರು.

ಸಾವ್ಕಾರರು ಮತ್ತೆ ಪರೀಕ್ಷೆಗೆ ರಕ್ತ ಕೊಟ್ಟ ದಿನ ನಾನು ಬಳ್ಳಿಗೆ ನೀರು ಹಾಕಲು ಮರೆತೆ. ಮರುದಿನ ಮಧ್ಯಾಹ್ನ ವೈನಿ ಮೆಟ್ಟಿಲು ಹತ್ತಿ ಬಂದರು. ಏದುಸಿರು. ರಿಪೋರ್ಟಿನ ಕಾಗದ ನನ್ನ ಹೆಂಡತಿಯ ಕೈಗೆ ಕೊಟ್ಟು ಮೊದಲು ಒಂದು ಲೋಟ ನೀರು ಕುಡಿದರು.

"ಇಳದೈತಿ," ಎಂದರು. "ಅಡ್ಮಿಟ್ ಬ್ಯಾ‌ಡ ಅಂದ್ರು. ಡಾಕ್ಟರ್ ನನಗ ಸಾರಿ ಅಂದ್ರು, ಅಣ್ಣಾರ. ಮಗನ ಮುಂದ ಅಂದ್ರು."

ಹೋಗುವಾಗ ಅವರು ಒಂದು ಡಬ್ಬಿ ಇಟ್ಟು ಹೋದರು. "ಅವರು ಕೊಟ್ಟಾರ. ನಿಮ್ಮ ಕೈಯಾಗ ಕೊಡು ಅಂದಾರ." ತೆರೆದೆ. ಧಾರವಾಡ ಪೇಡಾ, ಹನ್ನೆರಡು, ಮೇಲೆ ಸಕ್ಕರೆ ಪುಡಿ, ಒಪ್ಪವಾಗಿ ಜೋಡಿಸಿದ್ದು.

ನನ್ನನ್ನು ಯಾರೆಂದು ತಿಳಿದಿದ್ದಾರೆ? ಒಂದನ್ನು ಎತ್ತಿ ಬೆಳಕಿಗೆ ಹಿಡಿದೆ. ಮೂಸಿದೆ. ಉಗುರಿನಿಂದ ಕೆರೆದೆ. ಬಣ್ಣ ಕೆಂಪಿಗೆ ಸ್ವಲ್ಪ ಜಾಸ್ತಿಯೇ ತಿರುಗಿದೆ ಅನ್ನಿಸಿತು. ಕಿವಿಯ ಹತ್ತಿರ ಹಿಡಿದು ಅಲುಗಾಡಿಸಿದೆ, ಪೇಡೆ ಏನೂ ಹೇಳಲಿಲ್ಲ. ಹೆಂಡತಿ ಎರಡು ತಿಂದು, ಮೂರನೆಯದಕ್ಕೆ ಕೈ ಹಾಕಿದಳು. ಅವಳೂ ಅವರ ಜೊತೆ ಸೇರಿರಬಹುದು. ಒಂದು ದಿನ ಕಾದೆ. ಅವಳಿಗೆ ಏನೂ ಆಗಲಿಲ್ಲ. ಎರಡನೆಯ ದಿನವೂ ಕಾದೆ.

ಮೂರನೆಯ ದಿನ ಬೆಳಿಗ್ಗೆ ತಗಡಿನ ಮೇಲೆ ಟಣ್ ಎಂದಿತು, ಹಣ್ಣು ಅಂಗಳಕ್ಕೆ ಬಂದು ಬಿತ್ತು. ಹಿಂದೆಯೇ ಸಾವ್ಕಾರರ ದನಿ.

"ಡ್ರೈವರ್‌ಸಾಬ್ರ, ಪೇಡಾ ಹೆಂಗಿದ್ವು?"

ಡಬ್ಬಿಯಲ್ಲಿ ಉಳಿದದ್ದು ಒಂದೇ. ಹೆಂಡತಿ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಬಾಯಿಗೆ ಹಾಕಿಕೊಂಡು, ಕಣ್ಣು ಮುಚ್ಚಿ, ನಿಧಾನವಾಗಿ ಅಗಿದೆ. ಹಾಲು, ಸಕ್ಕರೆ, ಒಳ್ಳೆಯ ತುಪ್ಪ. ಮಣ್ಣಿನ ಒಂದು ಕಣವೂ ಇರಲಿಲ್ಲ.

ಮೋಟುಗೋಡೆಯ ಮೇಲಿನಿಂದ ಬಗ್ಗಿ ಕೂಗಿದೆ:

"ತುಪ್ಪ ಸ್ವಲ್ಪ ಕಡಿಮಿ ಆಗೈತ್ರಿ, ಸಾವ್ಕಾರ್ರ!"